ಊದಲ್ಲ ಎಂದವರ ಕೈಗೆ ಬಸ್ಸಿನ ಕೀ ಹೋಗಬಾರದು: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ, ಸಾರಿಗೆ ಆಯುಕ್ತರಿಗೆ ಮತ್ತು ಬೆಂಗಳೂರು ಸಂಚಾರ ಪೊಲೀಸ್ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಹೊಸೂರು ರಸ್ತೆಯ ಪಕ್ಕದ ಒಂದು ಯಾರ್ಡ್‌ನಲ್ಲಿ ಸೂಪರ್‌ವೈಸರ್. ನಮ್ಮ ಬಸ್ಸುಗಳು ಬೆಳಿಗ್ಗೆ ಸ್ಕೂಲ್ ಮಕ್ಕಳನ್ನು ಕರೆದುಕೊಂಡು ಹೋಗುತ್ತವೆ. ಟಿಟಿ (ಟೆಂಪೊ ಟ್ರಾವೆಲರ್), ಕ್ಯಾಬ್‌ಗಳು ಹಗಲು ರಾತ್ರಿ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಕಂಪನಿಗಳಿಗೆ ಪಿಕಪ್ ಡ್ರಾಪ್ ಮಾಡುತ್ತವೆ. ಡ್ರೈವರ್‌ಗಳಿಗೆ ಕೀ ಮತ್ತು ಟ್ರಿಪ್ ಶೀಟ್ ಕೊಡುವುದು ನನ್ನ ಕೆಲಸ. ಕೊಡುವ ಮುಂಚೆ, ಕುಡಿದಿದ್ದಾರಾ ಎಂದು ನೋಡಲು ಮೆಷಿನ್‌ಗೆ ಊದಿಸುವುದೂ ನನ್ನದೇ ಕೆಲಸ. ಊದಿ ಸಿಕ್ಕಿಬೀಳುವವರಿಗೆ ಒಂದು ಕಾನೂನಿದೆ. ಊದುವುದೇ ಇಲ್ಲ ಎನ್ನುವವರಿಗೆ ನಮ್ಮ ಯಾರ್ಡ್‌ನೊಳಗೆ ಯಾವ ಕಾನೂನೂ ಇಲ್ಲ. ಅದಕ್ಕೇ ಈ ಪತ್ರ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸಂಬಳಕ್ಕೋ ಬಾಡಿಗೆಗೋ ಗಾಡಿ ಓಡಿಸುವ ಡ್ರೈವರ್, ಡ್ಯೂಟಿಗೆ ಮುಂಚಿನ ಪರೀಕ್ಷೆಗೆ ಒಪ್ಪದಿದ್ದರೆ ಅವತ್ತು ಅವರಿಗೆ ಕೀ ಕೊಡಬಾರದು. ಒಪ್ಪಲಿಲ್ಲ ಎನ್ನುವುದು ಬರವಣಿಗೆಯಲ್ಲಿ ಇರಬೇಕು. ಫೇಲಾದರೆ ಎಷ್ಟು ತೂಕವೋ ಅದಕ್ಕೂ ಅಷ್ಟೇ ತೂಕ ಇರಬೇಕು. ಇದನ್ನು ಪರ್ಮಿಟ್ಟಿನ ಷರತ್ತಾಗಿ ಮಾಡಿ. ಡ್ರೈವರ್‌ಗೆ ನ್ಯಾಯವಾದ ಪರೀಕ್ಷೆ ಸಿಗುವ ಹಾಗೆ, ಮತ್ತೆ ಕೆಲಸಕ್ಕೆ ಬರುವ ದಾರಿ ಇರುವ ಹಾಗೆ ಅದೇ ನಿಯಮದಲ್ಲಿ ಬರೆಯಿರಿ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಕೆಲಸ ಕೆಡುತ್ತದೆ.

ಯಾರ್ಡ್ ನೋಡದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಬೆಳಗಿನ ಐದಕ್ಕೆ ಮುಂಚೆಯೇ ಗಾಡಿಗಳು ಸ್ಟಾರ್ಟ್ ಆಗಿ ನಿಂತಿರುತ್ತವೆ. ಕ್ಲೀನರ್ ಹುಡುಗರು ಗ್ಲಾಸ್ ಒರೆಸುತ್ತಿರುತ್ತಾರೆ. ಡ್ರೈವರ್‌ಗಳು ಒಬ್ಬೊಬ್ಬರಾಗಿ ಬಂದು ಊದಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿ, ಕೀ ತಗೊಂಡು ಹೋಗುತ್ತಾರೆ. ಹೆಚ್ಚಿನವರಿಗೆ ಇದು ಹಲ್ಲುಜ್ಜಿದಷ್ಟೇ ಮಾಮೂಲಿ. ಎಡವಟ್ಟಾಗುವುದು ಸಾಲಿನ ಕೊನೆಯಲ್ಲಿ. ಬೇಕಂತಲೇ ತಡವಾಗಿ ಬರುವವರು ಇರುತ್ತಾರೆ. ಈಗ ಊದಿಸ್ತಾ ಕೂತರೆ ಟ್ರಿಪ್ ಲೇಟಾಗುತ್ತೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಹಾಗೆ ಬಂದವರಲ್ಲಿ ಒಬ್ಬರು ವಯಸ್ಸಿನಲ್ಲಿ ನನಗಿಂತ ಹಿರಿಯರು. ಬಾಯಲ್ಲಿ ಏಲಕ್ಕಿ, ಕೈ ಎರಡೂ ಜೇಬಿನಲ್ಲಿ. ಮೆಷಿನ್ ಮುಂದೆ ಹಿಡಿದರೆ ಎರಡು ಹೆಜ್ಜೆ ಹಿಂದೆ ಹೋದರು. "ಇಷ್ಟು ವರ್ಷ ಗಾಡಿ ಓಡಿಸಿದ್ದೀನಿ, ಗಾಡಿ ಮೇಲೆ ಒಂದು ಗೀರು ಬಿದ್ದಿಲ್ಲ. ನನ್ನ ಮೇಲೇ ಅನುಮಾನ ಪಡ್ತೀರಾ ಸಾರ್?" ಎಂದರು. "ಅನುಮಾನ ಅಲ್ಲಣ್ಣ, ಎಲ್ಲರೂ ಊದಿದ್ದಾರೆ, ನಾನೂ ಊದಿದ್ದೀನಿ" ಎಂದೆ. "ಊದಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ" ಎಂದು ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಷ್ಟರಲ್ಲಿ ಮೊದಲ ಸ್ಟಾಪಿನ ತಾಯಿಯೊಬ್ಬರ ಫೋನ್, ಬಸ್ ಎಲ್ಲಿದೆ ಅಂತ. ಮಾಲೀಕರಿಗೆ ಹೇಳಿದರೆ, "ಇವತ್ತೊಂದಿನ ಕಳಿಸು, ನಾಳೆ ಕರೆದು ಮಾತಾಡೋಣ" ಎಂದರು. ನಾನು ಕೀ ಕೊಡಲಿಲ್ಲ. ಬೇರೆ ಡ್ರೈವರನ್ನು ಹುಡುಕಿ ಕಳಿಸುವಷ್ಟರಲ್ಲಿ ಬಸ್ ಹೊರಡುವುದು ತಡವಾಯಿತು. ಶಾಲೆಯವರು ಆ ಟ್ರಿಪ್ಪಿನ ದುಡ್ಡು ಕಟ್ ಮಾಡಿದರು. ಆ ಡ್ರೈವರ್ ಅದೇ ವಾರ, ನಮ್ಮ ಹಾಗೇ ಗಾಡಿ ಒದಗಿಸುವ ಇನ್ನೊಬ್ಬ ವೆಂಡರ್ ಹತ್ತಿರ ಸೇರಿಕೊಂಡರು. ಅಲ್ಲಿ ಅವರಿಗೆ ಕೊಟ್ಟಿದ್ದೂ ಸ್ಕೂಲ್ ಬಸ್ಸೇ.

ಅವರು ಅವತ್ತು ಕುಡಿದಿದ್ದರು ಎಂದು ನಾನು ಹೇಳಲಾರೆ. ಊದಿಲ್ಲವಲ್ಲ, ಹೇಗೆ ಹೇಳಲಿ? ನಮ್ಮ ಕಷ್ಟ ಇರುವುದೇ ಅಲ್ಲಿ. ಊದಿದವರ ನಂಬರ್ ರಿಜಿಸ್ಟರ್‌ನಲ್ಲಿ ಉಳಿಯುತ್ತದೆ. ಊದದವರ ಜಾಗ ಖಾಲಿ ಇರುತ್ತದೆ. ಕುಡಿದವರಿಗೆ ಊದುವುದಕ್ಕಿಂತ ಊದದಿರುವುದೇ ಲಾಭ ಎಂದಾದರೆ ಆ ಮೆಷಿನ್ ಇಟ್ಟುಕೊಂಡು ಏನು ಪ್ರಯೋಜನ?

ರಸ್ತೆಯಲ್ಲಾದರೆ ಕಾನೂನು ಇಷ್ಟು ಸಡಿಲ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ನಿರಾಕರಿಸುವವರ ಬಗ್ಗೆಯೂ ಕಾಯ್ದೆ ಯೋಚಿಸಿದೆ. ಸೆಕ್ಷನ್ 203ರಲ್ಲಿ, ಊದಲು ಒಪ್ಪದವರು ಕುಡಿದಿದ್ದಾರೆ ಎಂದು ನಂಬಲು ಕಾರಣ ಇದ್ದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. 204ರಲ್ಲಿ ಠಾಣೆಯಲ್ಲಿ ವೈದ್ಯರಿಂದ ರಕ್ತದ ಮಾದರಿ ತೆಗೆಸಬಹುದು. 205ರಲ್ಲಿ, ಸರಿಯಾದ ಕಾರಣ ಕೊಡದೆ ನಿರಾಕರಿಸಿದ್ದನ್ನು ಕೋರ್ಟು ಅವರ ವಿರುದ್ಧದ ಸಾಕ್ಷ್ಯಕ್ಕೆ ಬಲವಾಗಿ ಪರಿಗಣಿಸಬಹುದು.

ಆದರೆ ಇದೆಲ್ಲ ಯೂನಿಫಾರ್ಮ್ ಹಾಕಿದ ಪೊಲೀಸರಿಗೆ ಅಥವಾ ಇಲಾಖೆ ಅಧಿಕಾರ ಕೊಟ್ಟ ಅಧಿಕಾರಿಗೆ ಇರುವ ಬಲ. ಅದೂ ಸಾರ್ವಜನಿಕ ಜಾಗದಲ್ಲಿ ಗಾಡಿ ಓಡಿಸುವವರ ಅಥವಾ ಓಡಿಸಲು ಹೊರಟವರ ಮೇಲೆ. ಗೇಟಿನೊಳಗೆ ನಿಂತ ನನ್ನಂಥವರಿಗೆ ಅದು ಅನ್ವಯಿಸುವುದಿಲ್ಲ. ನಾನು ಮಾಡಬಹುದಾದದ್ದು ಕೀ ಹಿಡಿದುಕೊಳ್ಳುವುದು ಅಷ್ಟೇ. ಹಿಡಿದುಕೊಳ್ಳಬೇಕು ಎಂದು ಬರೆದ ನಿಯಮವೂ ನನ್ನ ಬೆನ್ನಿಗಿಲ್ಲ. ಮಾಲೀಕರು ಕೊಡು ಎಂದರೆ, ಕೊಡಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಇರುವುದು ನನ್ನ ನೌಕರಿ ಮಾತ್ರ.

ಡ್ರೈವರ್‌ಗಳೇ ತಂದು ನಮ್ಮಲ್ಲಿ ಓಡಿಸುವ ಅಟ್ಯಾಚ್ ಗಾಡಿಗಳಲ್ಲಿ ಅಷ್ಟೂ ಇಲ್ಲ. ಗಾಡಿ ಅವರದೇ, ಕೀಯೂ ಅವರದೇ. ನಾನು ಟ್ರಿಪ್ ಶೀಟ್ ಕೊಡದಿದ್ದರೆ ಗೇಟಿನಾಚೆ ಹೋಗಿ ಆ್ಯಪ್‌ಗೆ ಲಾಗಿನ್ ಆಗುತ್ತಾರೆ. ಬಿಎಂಟಿಸಿಯ ಗುತ್ತಿಗೆ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಕಂಡಕ್ಟರ್ ನಿಗಮದವರು, ಡ್ರೈವರ್ ಖಾಸಗಿ ಕಂಪನಿಯವರು. ಈ ಊರಿನಲ್ಲಿ ಡ್ರೈವರ್ ಒಬ್ಬರು, ಮಾಲೀಕರು ಇನ್ನೊಬ್ಬರು, ಕಾಂಟ್ರಾಕ್ಟ್ ಮತ್ತೊಬ್ಬರದು, ಒಳಗೆ ಕೂತವರು ನಾಲ್ಕನೆಯವರು. ಡ್ರೈವರ್ ಊದಲ್ಲ ಎಂದಾಗ ಯಾರ ಮಾತು ಕೊನೆಯದು ಎಂದು ಎಲ್ಲೂ ಬರೆದಿಲ್ಲ. ಬರೆಯದಿದ್ದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ರಸ್ತೆಯಲ್ಲಿ ಪೊಲೀಸರು ಹಿಡಿಯುತ್ತಾರಲ್ಲ, ಸಾಲದಾ ಎನ್ನುವವರಿದ್ದಾರೆ. ಸಂಚಾರ ಪೊಲೀಸರು ಆಗಾಗ ಬೆಳಗಿನ ಹೊತ್ತು ಶಾಲಾ ವಾಹನಗಳ ವಿಶೇಷ ತಪಾಸಣೆ ಮಾಡುತ್ತಾರೆ. ಕುಡಿದ ಡ್ರೈವರ್‌ಗಳು ಸಿಕ್ಕಿಬಿದ್ದ ಸುದ್ದಿ ಪ್ರತಿ ಸಲ ಪತ್ರಿಕೆಯಲ್ಲಿ ಬರುತ್ತದೆ. ಒಳ್ಳೆಯ ಕೆಲಸ, ಇನ್ನೂ ಜಾಸ್ತಿ ಆಗಲಿ. ಆದರೆ ಪೊಲೀಸರ ಕೈಗೆ ಸಿಗುವ ಹೊತ್ತಿಗೆ ಆ ಬಸ್ಸಿನಲ್ಲಿ ಆಗಲೇ ಮಕ್ಕಳು ಕೂತಿರುತ್ತಾರೆ. ಯಾರ್ಡ್‌ನಲ್ಲಿ ಹಿಡಿದರೆ ಖಾಲಿ ಬಸ್ಸು ನಿಲ್ಲುತ್ತದೆ, ಅಷ್ಟೇ.

ಬೆಳಿಗ್ಗೆ ಸಿಕ್ಕಿಬೀಳುವವರೆಲ್ಲ ಬೆಳಿಗ್ಗೆ ಎದ್ದು ಕುಡಿದವರು ಎಂದು ಜನ ತಿಳಿದುಕೊಂಡಿದ್ದಾರೆ. ಬಹಳ ಸಲ ಅದು ರಾತ್ರಿಯದೇ ಇನ್ನೂ ಇಳಿದಿರುವುದಿಲ್ಲ. 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ ಮದ್ಯ ಕಡಿಮೆಯಾಗುತ್ತದೆ. ಒಬ್ಬೊಬ್ಬರ ಮೈಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ. ರಾತ್ರಿ ಹನ್ನೆರಡಕ್ಕೆ 150 ಇದ್ದರೆ ಬೆಳಿಗ್ಗೆ ಆರಕ್ಕೆ ಇನ್ನೂ 60ರ ಆಸುಪಾಸು. ಕಾನೂನಿನ ಮಿತಿಯ ಎರಡರಷ್ಟು. ತಣ್ಣೀರು ಸ್ನಾನ, ಸ್ಟ್ರಾಂಗ್ ಕಾಫಿ, ನಿಂಬೆಹಣ್ಣು, ಮಜ್ಜಿಗೆ ಇವು ಯಾವುವೂ ಅದನ್ನು ಬೇಗ ಇಳಿಸುವುದಿಲ್ಲ. "ನಿದ್ದೆ ಮಾಡಿ ಎದ್ದಿದ್ದೀನಿ ಸಾರ್, ಫ್ರೆಶ್ ಆಗಿದ್ದೀನಿ" ಎನ್ನುವ ಡ್ರೈವರ್ ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ಹಾಗೇ ಅನ್ನಿಸಿರುತ್ತದೆ. ಮೆಷಿನ್ ಬೇಕಾಗುವುದು ಅದಕ್ಕೇ. ವಾಸನೆ ನೋಡಿ, ನಡಿಗೆ ನೋಡಿ ಹೇಳುವ ಕೆಲಸ ಇದಲ್ಲ.

ಇನ್ನು, ಯಾಕೆ ಊದಲ್ಲ ಎನ್ನುತ್ತಾರೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಿರಾಕರಿಸುವವರೆಲ್ಲ ಕುಡುಕರು ಎಂದುಕೊಂಡು ನೀವು ನಿಯಮ ಮಾಡಿದರೆ ಅದು ಮೊದಲ ತಿಂಗಳಲ್ಲೇ ಮುಗ್ಗರಿಸುತ್ತದೆ.

ಕೆಲವರಿಗೆ ಅದು ಮರ್ಯಾದೆಯ ಪ್ರಶ್ನೆ. ಹತ್ತು ಜನರ ಮುಂದೆ, ಮಗನ ವಯಸ್ಸಿನ ಸೂಪರ್‌ವೈಸರ್ "ಊದೋ" ಎಂದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ನಾನು ಕಂಡ ಜಗಳಗಳಲ್ಲಿ ಬಹಳಷ್ಟು ಶುರುವಾಗಿದ್ದೇ ಆ ಏಕವಚನದಿಂದ. ಕೆಲವರು ಪೈಪ್ ನೋಡಿ ಹೇಸುತ್ತಾರೆ. ಒಂದೇ ಪೈಪನ್ನು ಒರೆಸಿ ಎಲ್ಲರ ಬಾಯಿಗೆ ಹಿಡಿದರೆ ಹೇಸುವುದು ಸಹಜ ಅಲ್ವಾ? ಕೆಲವರಿಗೆ ಮೆಷಿನ್ ಮೇಲೇ ನಂಬಿಕೆ ಇಲ್ಲ. ಅದಕ್ಕೂ ಕಾರಣ ಇದೆ. 2025ರ ಜುಲೈನಲ್ಲಿ ಕೇರಳದ ಪಂದಳಂನ ಸರ್ಕಾರಿ ಬಸ್ ಡಿಪೋದಲ್ಲಿ ಒಂದು ತೊಟ್ಟೂ ಕುಡಿಯದವರು ಊದಿದಾಗ ಮೆಷಿನ್ ಮದ್ಯ ತೋರಿಸಿತು. ಕಾರಣ ಹುಡುಕಿದರೆ ಸಿಕ್ಕಿದ್ದು ಹಲಸಿನ ಹಣ್ಣು. ಸೊನ್ನೆ ಬಂದವರು ತೊಳೆ ತಿಂದು ಮತ್ತೆ ಊದಿದರೆ ಅವರಿಗೂ ನಂಬರ್ ಬಂತು. ಬಾಯಲ್ಲಿ ಉಳಿದದ್ದು, ಮೌತ್‌ವಾಶ್, ಕೆಲವು ಕೆಮ್ಮಿನ ಸಿರಪ್ ಇವೆಲ್ಲ ಸ್ವಲ್ಪ ಹೊತ್ತು ಮೆಷಿನ್ನನ್ನು ದಾರಿ ತಪ್ಪಿಸುತ್ತವೆ. ಬಾಯಿ ಮುಕ್ಕಳಿಸಿ, ಹದಿನೈದು ಇಪ್ಪತ್ತು ನಿಮಿಷ ಏನೂ ತಿನ್ನದೆ ಕೂತು ಮತ್ತೆ ಊದಿದರೆ ಬಾಯಲ್ಲಿದ್ದದ್ದು ಹೋಗಿರುತ್ತದೆ, ರಕ್ತದಲ್ಲಿದ್ದದ್ದು ಎಲ್ಲೂ ಹೋಗುವುದಿಲ್ಲ. ಇಷ್ಟು ಸಣ್ಣ ವಿವರ ಗೊತ್ತಿಲ್ಲದೆ ಎಷ್ಟು ಜನರ ಅನ್ನಕ್ಕೆ ಕಲ್ಲು ಬಿದ್ದಿದೆಯೋ.

ಇನ್ನು ಕೆಲವರಿದ್ದಾರೆ. ಇವರ ಬಗ್ಗೆ ನನಗೆ ನಿಜವಾಗಿ ಸಂಕಟ. ಇವರು ಮಜಾಕ್ಕೆ ಕುಡಿಯುವವರಲ್ಲ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ. ಆ ನಡುಕ ನಿಲ್ಲಬೇಕಾದರೆ ಒಂದಿಷ್ಟು ಹಾಕಲೇಬೇಕು. ಸ್ಟಿಯರಿಂಗ್ ಸರಿಯಾಗಿ ಹಿಡಿಯಬೇಕು ಅಂತಲೇ ಕುಡಿದು ಬರುತ್ತಾರೆ. ಹಲವು ವರ್ಷ ವಿಪರೀತ ಕುಡಿದವರು ಏಕಾಏಕಿ ಬಿಟ್ಟರೆ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಅದು ಕಾಯಿಲೆ, ಡಾಕ್ಟರ್ ನೋಡಬೇಕಾದದ್ದು. ಇಂಥವರು ಊದಲ್ಲ ಎಂದು ಹಟ ಹಿಡಿಯುವುದು ಸೊಕ್ಕಿನಿಂದ ಅಲ್ಲ, ಭಯದಿಂದ. ಊದಿದರೆ ಕೆಲಸ ಹೋಯಿತು, ಸುದ್ದಿ ಮನೆಗೆ ಹೋಯಿತು, ಕಂತು ನಿಂತಿತು. ಅವರಿಗೆ ಕಾಣುವುದು ಅದೊಂದೇ.

ಗಾಂಜಾ, ಮಾತ್ರೆಗಳ ಮಾತು ಬಂದರೆ ಭಯ ಇನ್ನೂ ಜಾಸ್ತಿ. ಮೂತ್ರ ಪರೀಕ್ಷೆ ಎಂದರೆ ಸೀದಾ ಪೊಲೀಸ್ ಕೇಸ್ ಎಂದೇ ಡ್ರೈವರ್‌ಗಳು ತಿಳಿದಿದ್ದಾರೆ. ಇಲ್ಲೂ ಒಂದು ಸೂಕ್ಷ್ಮ ಇದೆ. ಉಸಿರಿನ ಪರೀಕ್ಷೆ ಈ ಕ್ಷಣದ ಅಮಲನ್ನು ಹೇಳುತ್ತದೆ. ಗಾಂಜಾದ ಮೂತ್ರ ಪರೀಕ್ಷೆ ಹಾಗಲ್ಲ. ಸೇದಿ ದಿನಗಳಾದ ಮೇಲೂ, ದಿನಾ ಸೇದುವವರಲ್ಲಿ ವಾರಗಳಾದ ಮೇಲೂ ಪಾಸಿಟಿವ್ ಬರಬಹುದು. ಡಾಕ್ಟರ್ ಬರೆದುಕೊಟ್ಟ ಕೊಡೀನ್ ಇರುವ ಸಿರಪ್ ಕುಡಿದವರೂ ಸಿಕ್ಕಿಬೀಳಬಹುದು. ಹಾಗಾಗಿ ಯಾರ್ಡ್‌ನಲ್ಲಿ ಕಪ್ ಕೊಟ್ಟು, ಪಟ್ಟಿ ಅದ್ದಿ, ಗೆರೆ ನೋಡಿ ಮನೆಗೆ ಕಳಿಸುವ ಕೆಲಸ ಬೇಡವೇ ಬೇಡ. ಅದಕ್ಕೆ ಲ್ಯಾಬ್ ಬೇಕು, ಫಲಿತಾಂಶ ಓದಿ ಡ್ರೈವರ್ ಹತ್ತಿರ ಮಾತಾಡುವ ಡಾಕ್ಟರ್ ಬೇಕು.

ನಿದ್ದೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎನ್ನುವುದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದ ಇರುವ ಮಾತು. ರಾತ್ರಿ ಎರಡರ ಡ್ರಾಪ್ ಮುಗಿಸಿದವರಿಗೇ ಬೆಳಗಿನ ಐದರ ಪಿಕಪ್ ಹಾಕುವ ಯಾರ್ಡ್‌ಗಳು ಬೆಂಗಳೂರಿನಲ್ಲಿ ಕಮ್ಮಿ ಇಲ್ಲ. ಅಂಥವರು ಎಚ್ಚರ ಇರೋಕೆ ಏನೋ ತಗೊಳ್ತಾರೆ, ಮಲಗೋಕೆ ಇನ್ನೇನೋ ತಗೊಳ್ತಾರೆ. ಡ್ಯೂಟಿ ಪಟ್ಟಿ ಸರಿಮಾಡದೆ ಬರೀ ಊದಿಸುವುದಕ್ಕೆ ಹೊರಟರೆ ಡ್ರೈವರ್‌ಗಳು ತಿರುಗಿಬೀಳುತ್ತಾರೆ, ಬೀಳಲಿ. ಅವರ ಮಾತಿನಲ್ಲಿ ನ್ಯಾಯ ಇರುತ್ತದೆ.

ಇಷ್ಟೆಲ್ಲ ಕಾರಣ ಇದ್ದರೂ ನನ್ನ ಮಾತು ಬದಲಾಗುವುದಿಲ್ಲ. ಊದದಿರುವ ಹಕ್ಕು ಅವರಿಗೆ ಇದೆ. ಯಾರೂ ಅವರ ಕೈ ಹಿಡಿದು ಊದಿಸಬಾರದು, ಯಾರೂ ಅವರ ಮೈ ಮುಟ್ಟಬಾರದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆದರೆ ಊದದೆ ಒಂದು ಬಸ್ಸು ಮಕ್ಕಳನ್ನು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿಸುವ ಹಕ್ಕು ಯಾರಿಗೂ ಇಲ್ಲ.

ಇದು ನಾನು ಹೊಸದಾಗಿ ಹೇಳುತ್ತಿರುವ ಮಾತೇನಲ್ಲ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣಕ್ಕೇ ಹೋಗಿ ನೋಡಿ. ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ಪೈಲಟ್ ಊದದಿದ್ದರೂ, ಊದುವುದನ್ನು ತಪ್ಪಿಸಿಕೊಳ್ಳಲು ನೋಡಿದರೂ, ಊದಿ ಸಿಕ್ಕಿಬಿದ್ದ ಹಾಗೇ ಲೆಕ್ಕ. ಮೊದಲ ಸಲ 3 ತಿಂಗಳು ಲೈಸೆನ್ಸ್ ಅಮಾನತು, ಎರಡನೇ ಸಲ 3 ವರ್ಷ. 2019ರಿಂದ ವಿಮಾನ ನಿಲ್ದಾಣದ ಒಳಗೆ ಗಾಡಿ ಓಡಿಸುವ ಸಿಬ್ಬಂದಿಗೂ ಉಸಿರಿನ ಪರೀಕ್ಷೆ ಇದೆ. ರನ್‌ವೇ ಪಕ್ಕದಲ್ಲಿ ಲಗೇಜ್ ಎಳೆಯುವ ಟ್ರ್ಯಾಕ್ಟರ್ ಡ್ರೈವರ್‌ಗೆ ಇರುವ ನಿಯಮ, ಅದೇ ಕಾಂಪೌಂಡಿನಿಂದ ಹೊರಬಂದು ಬಳ್ಳಾರಿ ರಸ್ತೆಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವ ಡ್ರೈವರ್‌ಗೆ ಇಲ್ಲ. ರೈಲ್ವೆಯಲ್ಲಿ ಲೋಕೋ ಪೈಲಟ್‌ಗಳು ಡ್ಯೂಟಿಗೆ ಹತ್ತುವ ಮುಂಚೆ ಊದುತ್ತಾರೆ, ಇಳಿದ ಮೇಲೂ ಊದುತ್ತಾರೆ. ಅವರಿಗೆ ಮರ್ಯಾದೆ ಹೋಯಿತು ಎಂದು ಯಾರೂ ಹೇಳಿದ್ದಿಲ್ಲ.

ಅಮೆರಿಕದ ಉದಾಹರಣೆಯನ್ನೂ ನಿಮ್ಮ ಅಧಿಕಾರಿಗಳು ಓದಲಿ ಎಂದು ಕೇಳಿಕೊಳ್ಳುತ್ತೇನೆ. 1991ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಯೂನಿಯನ್ ಸ್ಕ್ವೇರ್ ಹತ್ತಿರ ಸುರಂಗದ ರೈಲು ಹಳಿ ತಪ್ಪಿ 5 ಜನ ಸತ್ತರು. ಚಾಲಕ ಕುಡಿದಿದ್ದ. ಅದೇ ವರ್ಷ ಅಲ್ಲಿನ ಸಂಸತ್ತು ಸಾರಿಗೆ ನೌಕರರ ಪರೀಕ್ಷೆಗೆ ಕಾನೂನು ತಂದಿತು. ಅಲ್ಲಿ ಲಾರಿ, ಬಸ್ ಡ್ರೈವರ್ ಪರೀಕ್ಷೆಗೆ ಒಪ್ಪದಿದ್ದರೆ ಕೂಡಲೇ ಸ್ಟಿಯರಿಂಗ್‌ನಿಂದ ಇಳಿಸಬೇಕು. ನಿರಾಕರಣೆ ಎಂದರೆ ಏನೇನು ಎಂದೂ ಬಿಡಿಸಿ ಬರೆದಿದ್ದಾರೆ. ಹೇಳಿದ ಹೊತ್ತಿಗೆ ಬರದಿದ್ದರೆ, ಪರೀಕ್ಷೆ ಮುಗಿಯುವ ಮುಂಚೆ ಎದ್ದುಹೋದರೆ, ವೈದ್ಯಕೀಯ ಕಾರಣ ಇಲ್ಲದೆ ಸಾಕಷ್ಟು ಉಸಿರು ಅಥವಾ ಮೂತ್ರ ಕೊಡದಿದ್ದರೆ, ಮಾದರಿಗೆ ಏನಾದರೂ ಬೆರೆಸಿದರೆ ಎಲ್ಲವೂ ನಿರಾಕರಣೆಯೇ. ಮೂತ್ರ ಬರಲಿಲ್ಲ ಎಂದವರನ್ನು ಸುಮ್ನೆ ಹೊರಗೆ ಹಾಕುವುದಿಲ್ಲ. 3 ಗಂಟೆ ಸಮಯ, ಕುಡಿಯಲು ನೀರು ಕೊಡುತ್ತಾರೆ. ಪಾಸಿಟಿವ್ ಬಂದರೆ ಮಾಲೀಕರಿಗೆ ತಿಳಿಸುವ ಮುಂಚೆ ಒಬ್ಬ ವೈದ್ಯರು ಡ್ರೈವರ್ ಹತ್ತಿರ ಮಾತಾಡಿ ಯಾವ ಔಷಧಿ ತಗೊಳ್ತಿದ್ದೀರಿ ಎಂದು ಕೇಳುತ್ತಾರೆ.

ಇನ್ನೊಂದು ಕೆಲಸ ಅವರು ಮಾಡಿದ್ದಾರೆ, ನಮಗೆ ಅದೇ ಬಹಳ ಮುಖ್ಯ. 2020ರ ಜನವರಿಯಿಂದ ಒಂದು ಕೇಂದ್ರ ದಾಖಲೆ ಇಟ್ಟಿದ್ದಾರೆ. ಡ್ರೈವರನ್ನು ಸೇರಿಸಿಕೊಳ್ಳುವ ಮುಂಚೆ ಕಂಪನಿಯವರು ಅದನ್ನು ನೋಡಲೇಬೇಕು. ಒಂದು ಯಾರ್ಡ್‌ನಲ್ಲಿ ನಿರಾಕರಿಸಿ ಇನ್ನೊಂದಕ್ಕೆ ಹೋಗಿ ಸೇರಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು. ಹಾಗಂತ ಜೀವಮಾನ ಪೂರ್ತಿ ಕಪ್ಪು ಪಟ್ಟಿಯಲ್ಲ. ತಜ್ಞರನ್ನು ಕಂಡು, ಹೇಳಿದ ಚಿಕಿತ್ಸೆ ಮುಗಿಸಿ, ಮತ್ತೆ ಪರೀಕ್ಷೆ ಪಾಸಾದರೆ ಗಾಡಿ ಹತ್ತಬಹುದು. ಆಮೇಲೆ ಒಂದು ವರ್ಷದಲ್ಲಿ ಕನಿಷ್ಠ 6 ಸಲ ಹೇಳದೆ ಕೇಳದೆ ಪರೀಕ್ಷೆ.

ನಮ್ಮಲ್ಲಿ ಇದನ್ನು ಮಾಡಲು ದೆಹಲಿಗೆ ಕಾಯಬೇಕಿಲ್ಲ. ಪರ್ಮಿಟ್ ಕೊಡುವಾಗ ಷರತ್ತು ಹಾಕುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲೇ ಸಾರಿಗೆ ಪ್ರಾಧಿಕಾರಕ್ಕೆ ಇದೆ. ಆ ಪ್ರಾಧಿಕಾರಗಳಿಗೆ ನಿರ್ದೇಶನ ಕೊಡುವ ಅಧಿಕಾರ ಸೆಕ್ಷನ್ 67ರಲ್ಲಿ ರಾಜ್ಯ ಸರ್ಕಾರಕ್ಕೆ ಇದೆ. ಶಾಲಾ ವಾಹನ, ಸಿಬ್ಬಂದಿ ಬಸ್, ಟಿಟಿ, ಕ್ಯಾಬ್ ಇವುಗಳಿಂದ ಶುರುಮಾಡಿ. ಕಲಾಸಿಪಾಳ್ಯದಿಂದ ಹೊರಡುವ ರಾತ್ರಿ ಬಸ್ಸುಗಳು, ಪೀಣ್ಯ ಮತ್ತು ಯಶವಂತಪುರದ ಲಾರಿಗಳು ಆಮೇಲೆ ಬರಲಿ. ಎಲ್ಲ ಒಟ್ಟಿಗೆ ಶುರುಮಾಡಿ ಎಲ್ಲವೂ ಕಾಗದದ ಮೇಲೆ ಉಳಿಯುವುದಕ್ಕಿಂತ ಇದು ವಾಸಿ.

ಷರತ್ತಿನಲ್ಲಿ ಏನಿರಬೇಕು ಎಂದು ಯಾರ್ಡ್‌ನಲ್ಲಿ ನಿಂತವನಾಗಿ ಹೇಳುತ್ತೇನೆ. 30 ಎನ್ನುವುದು ದಂಡದ ಗೆರೆ. ಕೀ ಕೊಡುವ ಗೆರೆ ಸೊನ್ನೆ ಇರಲಿ. ಪ್ರತಿಯೊಬ್ಬರಿಗೂ ಹೊಸ ಪೈಪ್. ಸೂಪರ್‌ವೈಸರ್ ಮೊದಲು ತಾನು ಊದಬೇಕು. ಪರೀಕ್ಷೆ ಒಂದು ಮರೆಯಲ್ಲಿ ನಡೆಯಲಿ, ಮಾತು ಬಹುವಚನದಲ್ಲಿ ಇರಲಿ. ನಂಬರ್ ಬಂದರೆ ಬಾಯಿ ಮುಕ್ಕಳಿಸಿ ಇಪ್ಪತ್ತು ನಿಮಿಷ ಬಿಟ್ಟು ಎರಡನೇ ಸಲ, ಆಗಲೂ ಬಂದ ನಂಬರನ್ನು ಒಪ್ಪದವರಿಗೆ ಮಾಲೀಕರ ಖರ್ಚಿನಲ್ಲಿ ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ. ತಪ್ಪಿಲ್ಲ ಎಂದು ಬಂದರೆ ಅವತ್ತಿನ ಪೂರ್ತಿ ಕೂಲಿ ಕೊಡಬೇಕು. ಊದಲ್ಲ ಎಂದರೆ ಕಾರಣ ಕೇಳಿ, ಅವರ ಮಾತಿನಲ್ಲೇ ಬರೆದು, ಸಹಿ ತಗೊಂಡು ಒಂದು ಪ್ರತಿ ಅವರ ಕೈಗೆ ಕೊಡಬೇಕು. ಸಹಿಯನ್ನೂ ಹಾಕಲ್ಲ ಎಂದರೆ ಇನ್ನೊಬ್ಬ ಡ್ರೈವರ್ ಸಾಕ್ಷಿ. ಆಮೇಲೆ ವಿಚಾರಣೆ ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ಸ್ಥಾಯಿ ಆದೇಶ (ಕೆಲಸದ ಷರತ್ತುಗಳ ಲಿಖಿತ ನಿಯಮ) ಅನ್ವಯವಾಗುವ ದೊಡ್ಡ ಸಂಸ್ಥೆಗಳಲ್ಲಿ ವಿಚಾರಣೆಗಾಗಿ ಅಮಾನತು ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ ಕೊಡಬೇಕು ಎಂದಿದೆ. ಸಣ್ಣ ಯಾರ್ಡ್‌ನ ಡ್ರೈವರ್‌ಗೆ ಅಷ್ಟಾದರೂ ಆಸರೆ ಬೇಡವೇ?

ಎಲ್ಲಕ್ಕಿಂತ ಮುಖ್ಯವಾದದ್ದು ಸ್ಪೇರ್ ಡ್ರೈವರ್. ಬದಲಿ ಡ್ರೈವರ್ ಇಲ್ಲದ ಯಾರ್ಡ್‌ನಲ್ಲಿ ಪರೀಕ್ಷೆ ಬರೀ ನಾಟಕ. ಬದಲಿ ಇಲ್ಲ ಎಂದು ಗೊತ್ತಿರುವ ಸೂಪರ್‌ವೈಸರ್ ಮೆಷಿನ್ ಸರಿಯಾಗಿ ನೋಡುವುದೇ ಇಲ್ಲ, ನೋಡಿದರೆ ಬಸ್ ಯಾರು ಓಡಿಸಬೇಕು? ಇಷ್ಟು ಗಾಡಿಗೆ ಇಷ್ಟು ಬದಲಿ ಡ್ರೈವರ್ ಎಂದು ಪರ್ಮಿಟ್‌ನಲ್ಲೇ ಬರೆಯಿರಿ. ಸುರಕ್ಷತೆಯ ಕಾರಣಕ್ಕೆ ಟ್ರಿಪ್ ತಡವಾದರೆ ಶಾಲೆ, ಕಂಪನಿಗಳು ದುಡ್ಡು ಕತ್ತರಿಸುವಂತಿಲ್ಲ ಎಂದೂ ಬರೆಯಿರಿ. ನಿಮಿಷಕ್ಕೆ ಇಷ್ಟು ದಂಡ ಎಂದು ಕಾಂಟ್ರಾಕ್ಟ್‌ನಲ್ಲಿ ಹಾಕಿ, ಆಮೇಲೆ ಸುರಕ್ಷತೆ ಬೇಕು ಎಂದರೆ ಹೇಗಾಗುತ್ತದೆ?

ಮಾಲೀಕರಿಗೆ ಎರಡು ಮಾತು. "ಇವತ್ತೊಂದಿನ ಕಳಿಸು" ಎನ್ನುವ ಮುಂಚೆ ಸೆಕ್ಷನ್ 188 ಓದಿ. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಊದಿಲ್ಲ, ಹಾಗಾಗಿ ದಾಖಲೆ ಇಲ್ಲ, ವಿಮೆ ಸಿಕ್ಕೇ ಸಿಗುತ್ತದೆ ಎಂದೂ ನಂಬಬೇಡಿ. ಪರೀಕ್ಷೆಯ ವರದಿ ಇಲ್ಲದಿದ್ದರೂ ಬೇರೆ ಸಾಕ್ಷ್ಯದಿಂದ ಕುಡಿದದ್ದು ಗೊತ್ತಾದರೆ ವಿಮಾ ಕಂಪನಿ ಗಾಡಿಯ ನಷ್ಟ ಕೊಡದಿರಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ದಾಖಲೆಯ ವಿಷಯದಲ್ಲಿ ಎಚ್ಚರ ಬೇಕು. ನಿರಾಕರಿಸಿದವರ ಹೆಸರು ವೆಂಡರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಬಾರದು. ಈಗ ಅದೇ ಆಗುತ್ತಿದೆ. ಸಂಬಳ ಕೇಳಿದವರ ಹೆಸರನ್ನೂ ಕುಡುಕರ ಪಟ್ಟಿಗೆ ಸೇರಿಸುವವರಿದ್ದಾರೆ. ದಾಖಲೆ ಇಲಾಖೆಯ ಹತ್ತಿರ ಇರಲಿ, ಲೈಸೆನ್ಸ್ ನಂಬರಿಗೆ ಹೊಂದಿಕೊಂಡಿರಲಿ, ಡ್ರೈವರ್‌ಗೆ ಅದನ್ನು ನೋಡುವ, ತಪ್ಪಿದ್ದರೆ ಮೇಲ್ಮನವಿ ಹಾಕುವ ಹಕ್ಕು ಇರಲಿ, ಒಂದು ಅವಧಿ ಮುಗಿದ ಮೇಲೆ ಅಳಿದುಹೋಗಲಿ.

ಮರಳುವ ದಾರಿಗೆ ನಮ್ಮ ಊರಿನಲ್ಲಿ ಬೇಕಾದ್ದೆಲ್ಲ ಇದೆ. ಇದೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೇ ಒಂದು ವಿಭಾಗ ಇದೆ. 14446 ಎನ್ನುವ ರಾಷ್ಟ್ರೀಯ ಸಹಾಯವಾಣಿ ಇದೆ. ಮಾದಕ ವಸ್ತುಗಳ ಕಾಯ್ದೆಯಲ್ಲೇ 64ಎ ಎನ್ನುವ ಸೆಕ್ಷನ್ ಇದೆ. ಸೇವನೆಯ ಕೇಸ್ ಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿ, ಅದನ್ನು ಪೂರ್ತಿ ತಗೊಂಡರೆ ಆ ಕೇಸಿನಿಂದ ರಕ್ಷಣೆ ಸಿಗುತ್ತದೆ. ಇದು ಎಷ್ಟು ಡ್ರೈವರ್‌ಗಳಿಗೆ ಗೊತ್ತು? ಆರ್‌ಟಿಒ ಕಚೇರಿಯಲ್ಲಿ ಲೈಸೆನ್ಸ್ ನವೀಕರಣಕ್ಕೆ ಬಂದವರ ಕೈಗೆ ಕನ್ನಡದಲ್ಲಿ, ಉರ್ದು, ತಮಿಳು, ತೆಲುಗು, ಹಿಂದಿಯಲ್ಲೂ ಒಂದು ಹಾಳೆ ಕೊಡಿ. ಚಿಕಿತ್ಸೆಗೆ ಹೋದ ಡ್ರೈವರ್‌ಗೆ ಯಾರ್ಡ್‌ನಲ್ಲೇ ಬೇರೆ ಕೆಲಸ ಕೊಡಬಹುದು. ವಾಶಿಂಗ್, ಟೈರ್, ಡೀಸೆಲ್ ಲೆಕ್ಕ, ಏನಿಲ್ಲ? ಮನೆಗೆ ಸಂಬಳ ಹೋಗುತ್ತದೆ ಎಂದಾದರೆ ಊದಲು ಹೆದರುವವರು ಅರ್ಧಕ್ಕರ್ಧ ಕಮ್ಮಿಯಾಗುತ್ತಾರೆ ಎಂದು ನಾನು ನಂಬಿದ್ದೇನೆ.

ಡ್ರೈವರ್ ಅಣ್ಣಂದಿರೇ, ತಮ್ಮಂದಿರೇ, ಈ ಪತ್ರವನ್ನು ನೀವೂ ಓದುತ್ತೀರಿ ಎಂದು ಗೊತ್ತು. ಇದು ನಿಮ್ಮ ಮೇಲಿನ ದೂರಲ್ಲ. ಕುಡಿಯದೆ ಬಂದು ದಿನಾ ಊದುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಅಪಘಾತ ಆದಾಗ ಜನ ಮೊದಲು ಕೇಳುವುದು "ಡ್ರೈವರ್ ಕುಡಿದಿದ್ನಾ" ಎಂದೇ. ಬೆಳಿಗ್ಗೆ ಊದಿದ ಆ ಚೀಟಿ ಇದ್ದರೆ ಅದೇ ನಿಮ್ಮ ಸಾಕ್ಷಿ. ಮೆಷಿನ್ ಸರಿ ಇಲ್ಲ ಎಂದರೆ ಸರಿ ಇರುವ ಮೆಷಿನ್ ಕೇಳಿ. ಅವಮಾನ ಮಾಡಿದರೆ ಮರ್ಯಾದೆ ಕೇಳಿ. ಎರಡು ಡ್ಯೂಟಿ ಹಾಕಿದರೆ ಜಗಳ ಮಾಡಿ, ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ. ಊದಲ್ಲ ಎಂದು ಮಾತ್ರ ಹೇಳಬೇಡಿ.

ಮಾನ್ಯ ಸಚಿವರೇ, ಶಾಲೆಗಳು ಶುರುವಾಗುವ ಮುಂಚೆ ಈ ಷರತ್ತಿನ ಕರಡು ಹೊರಗೆ ಬರಲಿ ಎಂದು ಕೇಳಿಕೊಳ್ಳುತ್ತೇನೆ. ಅದರ ಚರ್ಚೆಗೆ ಮಾಲೀಕರ ಸಂಘದವರನ್ನು ಮಾತ್ರ ಕರೆಯಬೇಡಿ. ಡ್ರೈವರ್‌ಗಳ ಸಂಘಟನೆಗಳನ್ನು, ಪೋಷಕರನ್ನು, ನಿಮ್ಹಾನ್ಸ್‌ನ ವೈದ್ಯರನ್ನು, ನನ್ನಂಥ ಸೂಪರ್‌ವೈಸರ್‌ಗಳನ್ನೂ ಕರೆಯಿರಿ. ಸಭೆಯನ್ನು ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಒಂದರ ಒಳಗೆ ಇಡಿ. ಸ್ಕೂಲ್ ಡ್ರೈವರ್‌ಗಳಿಗೆ ಬಿಡುವು ಸಿಗುವುದು ಆ ಹೊತ್ತಿನಲ್ಲಿ ಮಾತ್ರ.

ಇಂತಿ ವಿಶ್ವಾಸಿ,
ಹೊಸೂರು ರಸ್ತೆಯ ಯಾರ್ಡ್ ಒಂದರ ಸೂಪರ್‌ವೈಸರ್
ಬೆಂಗಳೂರು